ತಂಡದವರು ಕೈಚೆಲ್ಲಿದಾಗ ನಿಮ್ಮ ಹುಮ್ಮಸ್ಸು ಉಳಿಸಿಕೊಳ್ಳುವುದು ಹೇಗೆ: ಶಾಲಾ ಆಟಗಾರರಿಗೆ ಸಮಗ್ರ ಮಾರ್ಗದರ್ಶಿ

ಸೀಸನ್ ಅರ್ಧಕ್ಕೆ ಬಂದಾಗ ಅನೇಕ ಶಾಲಾ ತಂಡಗಳಲ್ಲಿ ಇದು ಶುರುವಾಗುತ್ತದೆ. ಸಾಲಾಗಿ ಮೂರ್ನಾಲ್ಕು ಪಂದ್ಯ ಸೋತಿರುತ್ತೀರಿ. ಹನ್ನೆರಡು ಜನ ಬರುತ್ತಿದ್ದ ಪ್ರಾಕ್ಟೀಸಿಗೆ ಎಂಟು ಜನ ಬರುತ್ತಾರೆ. ಬಂದವರಲ್ಲೂ ಒಬ್ಬ ಶೂ ಲೇಸ್ ಕಟ್ಟುತ್ತಲೇ ವಾರ್ಮಪ್ ಮುಗಿಸುತ್ತಾನೆ, ಇನ್ನೊಬ್ಬ ಕೋಚ್ ನೋಡುವಾಗ ಮಾತ್ರ ಓಡುತ್ತಾನೆ. ನೀವು ಡೈವ್ ಹೊಡೆದು ಎತ್ತಿದ ಚೆಂಡು ಪಕ್ಕದವನ ಕಾಲ ಬುಡದಲ್ಲಿ ಬೀಳುತ್ತದೆ, ಅವನು ನಿಂತೇ ಇರುತ್ತಾನೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವಂಥ ಸ್ಥಿತಿ. ಎರಡು ವಾರ ಹೀಗೇ ನಡೆದರೆ ‘ನಾನೊಬ್ಬನೇ ಯಾಕೆ ಸಾಯಬೇಕು’ ಎಂಬ ಪ್ರಶ್ನೆ ಬಂದೇ ಬರುತ್ತದೆ.

ತಂಡವನ್ನೇ ಸರಿಮಾಡುವ ಉಪಾಯ ಇಲ್ಲಿಲ್ಲ. ಅದು ಕೋಚ್ ಮಾಡಬೇಕಾದ ಕೆಲಸ, ಅದರಲ್ಲಿ ನಿಮ್ಮ ಕೈಗೆ ಸಿಗುವುದು ಸ್ವಲ್ಪವೇ. ಇಲ್ಲಿರುವುದು ನಿಮ್ಮ ಹುಮ್ಮಸ್ಸನ್ನು ಉಳಿಸಿಕೊಳ್ಳುವ ದಾರಿ. ಅದರ ತಿರುಳು ಇಷ್ಟೇ: ನಿಮ್ಮ ಶ್ರಮದ ಲೆಕ್ಕವನ್ನು ತಂಡದ ಲೆಕ್ಕದಿಂದ ಬಿಡಿಸಿಕೊಳ್ಳಿ, ಆಮೇಲೆ ಇಡೀ ತಂಡದ ಬೆನ್ನು ಹತ್ತದೆ ಒಬ್ಬರನ್ನು ಮಾತ್ರ ಜೊತೆಗೆ ಸೇರಿಸಿಕೊಳ್ಳಿ. ಉದಾಹರಣೆಗಳನ್ನು ಹೆಚ್ಚಾಗಿ ವಾಲಿಬಾಲಿನಿಂದಲೇ ಕೊಟ್ಟಿದ್ದೇವೆ. ಒಂದೇ ಆಟ ಹಿಡಿದು ಹೇಳಿದರೆ ವಿವರ ಸ್ಪಷ್ಟವಾಗುತ್ತದೆ, ಬೇರೆ ಆಟಕ್ಕೆ ಹೊಂದಿಸಿಕೊಳ್ಳುವುದು ಕಷ್ಟವಲ್ಲ.

ಗುಂಪಿನಲ್ಲಿ ಶ್ರಮ ಇಳಿಯುವುದು ಯಾಕೆ

ನಿಮ್ಮ ತಂಡದವರು ಹುಟ್ಟಾ ಸೋಮಾರಿಗಳು ಎಂದು ತೀರ್ಮಾನಿಸುವ ಮುನ್ನ ಇದನ್ನು ತಿಳಿದಿರಿ. ಫ್ರಾನ್ಸಿನ ಕೃಷಿ ಇಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ ಜನರಿಂದ ಹಗ್ಗ ಎಳೆಸಿ ಬಲ ಅಳೆದಿದ್ದ. 1913ರಲ್ಲಿ ಅವನು ಪ್ರಕಟಿಸಿದ ಲೆಕ್ಕದ ಪ್ರಕಾರ, ಇಬ್ಬರು ಸೇರಿ ಎಳೆದಾಗ ಒಬ್ಬೊಬ್ಬರು ತಮ್ಮ ಶಕ್ತಿಯ 93 ಶೇಕಡಾದಷ್ಟು ಹಾಕುತ್ತಿದ್ದರು. ಎಂಟು ಜನ ಸೇರಿದಾಗ ಅದು 49ಕ್ಕೆ ಇಳಿದಿತ್ತು. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದೆ ಇದ್ದದ್ದು ಇದಕ್ಕೆ ಒಂದು ಕಾರಣ. ಅದಷ್ಟೇ ಅಲ್ಲ ಎಂಬುದು 1974ರಲ್ಲಿ ಇಂಗಮ್ ಮತ್ತು ಸಂಗಡಿಗರ ಪ್ರಯೋಗದಲ್ಲಿ ಗೊತ್ತಾಯಿತು. ಅವರು ಒಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ, ಹಿಂದೆ ಇನ್ನೂ ಜನ ಎಳೆಯುತ್ತಿದ್ದಾರೆಂದು ನಂಬಿಸಿದರು. ನಿಜಕ್ಕೂ ಎಳೆಯುತ್ತಿದ್ದವನು ಅವನೊಬ್ಬನೇ, ಆದರೂ ಬಲ ಕಡಿಮೆಯಾಯಿತು.

ಆಟಗಾರರಿಗೆ ಇದಕ್ಕಿಂತ ಉಪಯೋಗಕ್ಕೆ ಬರುವುದು ಈಜುಗಾರರ ಮೇಲೆ ನಡೆದ ಅಧ್ಯಯನ. 1989ರಲ್ಲಿ ವಿಲಿಯಮ್ಸ್ ಮತ್ತು ಸಂಗಡಿಗರು ಅದನ್ನು ಪ್ರಕಟಿಸಿದರು. ರಿಲೇಯಲ್ಲಿ ಒಬ್ಬೊಬ್ಬರ ಸಮಯವನ್ನು ಹೇಳದೆ ಇದ್ದಾಗ ಈಜುಗಾರರು ಒಂಟಿಯಾಗಿ ಈಜಿದ್ದಕ್ಕಿಂತ ನಿಧಾನವಾದರು. ಪ್ರತಿಯೊಬ್ಬರ ಸಮಯವನ್ನು ಕೂಗಿ ಹೇಳಿದಾಗ ರಿಲೇಯಲ್ಲೇ ಹೆಚ್ಚು ವೇಗ ಬಂತು. ಅದೇ ಜನ, ಅದೇ ನೀರು. ತಮ್ಮ ಪಾಲು ಬೇರೆಯಾಗಿ ಕಾಣುತ್ತದೆ ಅನ್ನುವುದೊಂದೇ ವ್ಯತ್ಯಾಸ.

ಇನ್ನೊಂದು ನೇರವಾಗಿ ನಿಮಗೇ ಸಂಬಂಧಿಸಿದ್ದು. ಉಳಿದವರು ಬೇಕೆಂದೇ ಕೈಬಿಟ್ಟು ತನ್ನ ಹೆಗಲ ಮೇಲೆ ಹೊರೆ ಹಾಕುತ್ತಿದ್ದಾರೆ ಅನ್ನಿಸಿದಾಗ, ಚೆನ್ನಾಗಿ ಆಡುವವನೂ ಬೇಕೆಂದೇ ಶ್ರಮ ಕಡಿಮೆ ಮಾಡುತ್ತಾನೆ. ಮನಶ್ಶಾಸ್ತ್ರಜ್ಞ ನಾರ್ಬರ್ಟ್ ಕೆರ್ 1983ರಲ್ಲಿ ಇದನ್ನು ಪ್ರಯೋಗದಲ್ಲಿ ತೋರಿಸಿದರು. ಮೋಸಹೋಗುವವನು ನಾನಾಗಬಾರದು ಎಂಬ ಸಹಜ ಲೆಕ್ಕಾಚಾರ ಅದು. ನಿಮ್ಮಲ್ಲಿ ಈಗ ನಡೆಯುತ್ತಿರುವುದೂ ಅದೇ. ಇದು ಗೊತ್ತಿದ್ದರೆ ‘ನನಗೆ ಆಟದ ಮೇಲೆ ಪ್ರೀತಿಯೇ ಹೋಯಿತು’ ಎಂದು ತಪ್ಪು ತಿಳಿಯುವುದು ತಪ್ಪುತ್ತದೆ. ಬಹಳ ಸಲ ಪ್ರೀತಿ ಎಲ್ಲೂ ಹೋಗಿರುವುದಿಲ್ಲ, ಸಿಟ್ಟು ಅದರ ಮೇಲೆ ಕೂತಿರುತ್ತದೆ.

ಹೆಜ್ಜೆ 1: ಒಂದು ವಾರ ಬಾಯಿ ಮುಚ್ಚಿ ನೋಡಿ

ಯಾರಿಗೂ ಏನೂ ಹೇಳಬೇಡಿ. ಒಂದು ವಾರದ ಪ್ರಾಕ್ಟೀಸಿನಲ್ಲಿ ಯಾರು, ಯಾವಾಗ, ಯಾವ ಡ್ರಿಲ್‌ನಲ್ಲಿ ಸುಮ್ಮನಾಗುತ್ತಾರೆ ಎಂದು ಗಮನಿಸಿ. ‘ಯಾರೂ ಆಡುತ್ತಿಲ್ಲ’ ಅನ್ನುವುದು ಹೆಚ್ಚಾಗಿ ಸುಳ್ಳು. ಎಣಿಸಿದರೆ ಇಬ್ಬರೋ ಮೂವರೋ ಸಿಗುತ್ತಾರೆ, ಉಳಿದವರು ಅವರನ್ನು ನೋಡಿ ಇಳಿದವರು.

ಕೆಲವು ಗುರುತುಗಳು ಹೀಗಿವೆ. ಆರಂಭದಲ್ಲಿ ಚುರುಕಾಗಿದ್ದು ಕೊನೆಯ ಅರ್ಧ ಗಂಟೆಯಲ್ಲಿ ಕುಸಿಯುವವರಿಗೆ ನಿದ್ದೆಯೋ ಊಟವೋ ಸಾಲುತ್ತಿಲ್ಲ, ಅಥವಾ ನೋವಿದೆ. ಸುಲಭದ ಡ್ರಿಲ್‌ನಲ್ಲಿ ಚೆನ್ನಾಗಿ ಆಡಿ, ಎಲ್ಲರೂ ನೋಡುವ ಡ್ರಿಲ್‌ನಲ್ಲಿ ತಮಾಷೆ ಮಾಡುವವರು ತಪ್ಪಿಗೆ ಹೆದರಿದ್ದಾರೆ. ಪ್ರಯತ್ನವೇ ಪಡದೆ ಸೋತರೆ ‘ನಾನು ಮನಸ್ಸು ಮಾಡಿರಲಿಲ್ಲ’ ಎಂದು ಹೇಳಿಕೊಳ್ಳಬಹುದು, ಪ್ರಯತ್ನಪಟ್ಟು ಸೋತರೆ ಆ ನೆಪ ಸಿಗುವುದಿಲ್ಲ. ಪ್ರಾಕ್ಟೀಸಿನಲ್ಲಿ ಸರಿಯಾಗಿದ್ದು, ಆಡುವ ಆರು ಜನರ ಹೆಸರು ಓದಿದ ಮೇಲೆ ಮಂಕಾಗುವವರಿಗೆ ಬೆಂಚೇ ಗತಿ ಎಂಬುದು ಖಾತ್ರಿಯಾಗಿದೆ. ಏನು ಮಾಡಿದರೂ ಫಲಿತಾಂಶ ಬದಲಾಗುವುದಿಲ್ಲ ಎಂದು ಮನಸ್ಸು ಕಲಿತುಬಿಟ್ಟವರದು ಇನ್ನೊಂದು ಗುಂಪು. ಅವರು ಬೈಯುವುದೂ ಇಲ್ಲ, ನಗುವುದೂ ಇಲ್ಲ. ಇವರನ್ನು ಬೈದು ಎಬ್ಬಿಸಲು ಆಗುವುದಿಲ್ಲ, ಒಂದು ಸಣ್ಣ ಕೆಲಸದಲ್ಲಿ ‘ನಾನು ಮಾಡಿದ್ದಕ್ಕೇ ಹೀಗಾಯಿತು’ ಎಂದು ಕಣ್ಣಾರೆ ಕಾಣಬೇಕು.

ಈ ವಾರ ನಿಮ್ಮನ್ನೂ ನೋಡಿಕೊಳ್ಳಿ. ಚೆಂಡು ಬಿದ್ದಾಗ ಕೈ ಚಾಚಿ ‘ಏನಿದು?’ ಅನ್ನುತ್ತೀರಾ? ಆಕಾಶ ನೋಡುತ್ತೀರಾ? ದೊಡ್ಡದಾಗಿ ಉಸಿರು ಬಿಡುತ್ತೀರಾ? ಇವು ಬೈಗುಳಕ್ಕಿಂತ ಜೋರಾಗಿ ಕೇಳಿಸುತ್ತವೆ, ಪಕ್ಕದವನು ಇನ್ನಷ್ಟು ಹಿಂದೆ ಸರಿಯುತ್ತಾನೆ.

ಹೆಜ್ಜೆ 2: ನಿಮ್ಮದೇ ಮೂರು ಅಂಕಿಗಳು

ಹೆಚ್ಚು ಫಲ ಸಿಗುವುದು ಇಲ್ಲೇ, ಆದ್ದರಿಂದ ಅವಸರ ಮಾಡಬೇಡಿ. ಒಂದು ಸಣ್ಣ ನೋಟ್‌ಬುಕ್ ಸಾಕು. ಅದರಲ್ಲಿ ಪ್ರತಿ ಪ್ರಾಕ್ಟೀಸಿಗೆ ಮೂರು ಅಂಕಿ ಬರೆಯಬೇಕು: ಒಂದು ಶ್ರಮದ್ದು, ಒಂದು ಕೌಶಲದ್ದು, ಒಂದು ಅಭ್ಯಾಸದ್ದು. ಆರಿಸುವಾಗ ಮೂರು ಷರತ್ತು. ಪಕ್ಕದವರು ಕೆಟ್ಟದಾಗಿ ಆಡಿದರೂ ಆ ಅಂಕಿ ಕೆಡಬಾರದು. ಆಡುತ್ತಲೇ ಎಣಿಸಲು ಬರಬೇಕು. ನಾಲ್ಕು ವಾರದಲ್ಲಿ ಮೇಲೇರುವ ಸಾಧ್ಯತೆ ಇರಬೇಕು.

ಮೊದಲ ಷರತ್ತಿನಲ್ಲೇ ಬಹಳ ಜನ ಎಡವುತ್ತಾರೆ. ಫುಟ್‌ಬಾಲಿನಲ್ಲಿ ಗೋಲು, ಬ್ಯಾಸ್ಕೆಟ್‌ಬಾಲಿನಲ್ಲಿ ಅಸಿಸ್ಟ್, ವಾಲಿಬಾಲಿನಲ್ಲಿ ಸ್ಮ್ಯಾಶ್‌ನಿಂದ ಬಂದ ಪಾಯಿಂಟ್, ಇವೆಲ್ಲ ಇನ್ನೊಬ್ಬರ ಕೈಯಲ್ಲಿವೆ. ಹೊಡೆಯಲು ಚೆಂಡು ಎತ್ತಿಕೊಡುವ ಸೆಟ್ಟರ್ ಓಡಿಬರದಿದ್ದರೆ ನಿಮ್ಮ ಸ್ಮ್ಯಾಶ್ ಎಲ್ಲಿಂದ ಬರಬೇಕು? ಇಂಥ ಅಂಕಿ ಹಿಡಿದರೆ ತಂಡದ ಮೇಲಿನ ಸಿಟ್ಟಿಗೆ ದಿನಾ ಹೊಸ ಸಾಕ್ಷಿ ಸಿಗುತ್ತದೆಯೇ ಹೊರತು ನಿಮಗೇನೂ ಸಿಗುವುದಿಲ್ಲ.

ವಾಲಿಬಾಲಿನಲ್ಲಿ ಎದುರಾಳಿಯ ಸರ್ವ್ ಎತ್ತಿ ಕೊಡುವುದಕ್ಕೆ, ಅಂದರೆ ಸರ್ವ್ ರಿಸೀವ್‌ಗೆ 0ಯಿಂದ 3ರವರೆಗೆ ಅಂಕ ಕೊಡುವ ಪದ್ಧತಿ ಬಹಳ ಕಡೆ ಇದೆ. ಸೆಟ್ಟರ್ ತನ್ನ ಜಾಗದಲ್ಲೇ ನಿಂತು ಯಾವ ಕಡೆಗಾದರೂ ಚೆಂಡು ಕೊಡಬಹುದಾದರೆ 3. ಎರಡು ಮೂರು ಹೆಜ್ಜೆ ಸರಿಯಬೇಕಾದರೆ 2. ಚೆಂಡು ಜೀವಂತವಿದೆ, ಎಲ್ಲಿಂದಲೋ ಎತ್ತಿ ಕೊಡಬೇಕು ಅನ್ನುವಂತಿದ್ದರೆ 1. ನೇರ ಪಾಯಿಂಟ್ ಹೋದರೆ 0. ಇಪ್ಪತ್ತು ಸರ್ವ್ ತೆಗೆದುಕೊಂಡಿರಿ ಎನ್ನಿ: ಐದಕ್ಕೆ 3, ಏಳಕ್ಕೆ 2, ಐದಕ್ಕೆ 1, ಮೂರಕ್ಕೆ 0. ಒಟ್ಟು 34, ಇಪ್ಪತ್ತರಿಂದ ಭಾಗಿಸಿದರೆ 1.7. ಇವತ್ತಿನ ನಿಮ್ಮ ಕೌಶಲದ ಅಂಕಿ ಅದು.

ಸೆಟ್ಟರ್ ಉದಾಸೀನನಾಗಿದ್ದರೆ ಏನು ಮಾಡುವುದು? ಅವನು ನಿಂತಿರುವ ಜಾಗವನ್ನು ಲೆಕ್ಕಕ್ಕೆ ಹಿಡಿಯಲೇಬೇಡಿ. ನೆಟ್‌ನಿಂದ ಒಂದು ಮೀಟರ್ ಈಚೆಗೆ, ಅಂಕಣದ ನಡುವಿನಿಂದ ಸ್ವಲ್ಪ ಬಲಕ್ಕೆ, ಸೈಡ್‌ಲೈನ್ ಕಡೆಯಿಂದ ನೋಡಿದರೂ ಗೊತ್ತಾಗುವಂತೆ ಒಂದು ಜಾಗ ಮನಸ್ಸಿನಲ್ಲಿ ಗುರುತು ಮಾಡಿಕೊಳ್ಳಿ. ಚೆಂಡು ಆ ಜಾಗದಿಂದ ಒಂದು ಹೆಜ್ಜೆಯೊಳಗೆ ಬಂದರೆ 3. ಅಲ್ಲಿ ಯಾರೂ ಇಲ್ಲದೆ ಚೆಂಡು ನೆಲಕ್ಕೆ ಬಿತ್ತೇ? ಆದರೂ 3. ಮೊದಲೆರಡು ದಿನ ಇದು ವಿಚಿತ್ರವಾಗಿ ಕಾಣುತ್ತದೆ. ಆಮೇಲೆ ಅದೇ ದೊಡ್ಡ ಬಿಡುಗಡೆ ಅನ್ನಿಸುತ್ತದೆ.

ಶ್ರಮದ ಅಂಕಿಗೆ: ಪ್ರತಿ ರ‍್ಯಾಲಿಯಲ್ಲೂ ಎದುರಾಳಿ ಚೆಂಡು ಹೊಡೆಯುವ ಮುನ್ನ ಮೊಣಕಾಲು ಬಗ್ಗಿಸಿ ಸಿದ್ಧವಾಗಿದ್ದಿರಾ? ಹತ್ತು ರ‍್ಯಾಲಿಗೆ ಎಷ್ಟು? ಫುಟ್‌ಬಾಲಿನಲ್ಲಾದರೆ ಚೆಂಡು ಕಳೆದುಕೊಂಡ ಮೂರು ಸೆಕೆಂಡಿನೊಳಗೆ ಎಷ್ಟು ಸಲ ತಿರುಗಿ ಓಡಿದಿರಿ. ಬ್ಯಾಸ್ಕೆಟ್‌ಬಾಲಿನಲ್ಲಾದರೆ ಶಾಟ್ ಹೋದಾಗಲೆಲ್ಲ ಎದುರಾಳಿಯನ್ನು ಬೆನ್ನಿಗೆ ಹಾಕಿಕೊಂಡು ನಿಂತಿರಾ. ಅಭ್ಯಾಸದ ಅಂಕಿ ಇನ್ನೂ ಸುಲಭ: ಎಷ್ಟು ಹೊತ್ತಿಗೆ ಮಲಗಿದಿರಿ, ಎಷ್ಟು ನಿಮಿಷ ಮುಂಚೆ ಬಂದಿರಿ, ಎಡಗಾಲಲ್ಲಿ ಎಷ್ಟು ಪಾಸ್.

ಪ್ರಾಕ್ಟೀಸ್ ಮುಗಿದು ಹತ್ತು ನಿಮಿಷದೊಳಗೆ, ಫೋನ್ ಮುಟ್ಟುವ ಮುನ್ನ ಬರೆಯಿರಿ. ರಾತ್ರಿಗೆ ಬಿಟ್ಟರೆ ಅಂಕಿ ಮರೆತು ಬೇಸರ ಮಾತ್ರ ನೆನಪಿರುತ್ತದೆ. ಕೆಳಗೆ ಒಂದೇ ಸಾಲು: ನಾಳೆ ಏನನ್ನು ಬದಲಿಸುತ್ತೀರಿ. ‘ಎಡಕ್ಕೆ ಬಂದ ಸರ್ವ್‌ಗೆ ಕಾಲು ಸರಿಸದೆ ಕೈ ಚಾಚಿದೆ, ನಾಳೆ ಮೊದಲು ಎಡಗಾಲು’ ಎಂಬಂಥದ್ದು. ‘ಇನ್ನೂ ಚೆನ್ನಾಗಿ ಆಡಬೇಕು’ ಎಂದು ಬರೆಯುವುದು ಶಾಯಿ ದಂಡ. ತಂಡದವರ ಬಗ್ಗೆ ಈ ಪುಸ್ತಕದಲ್ಲಿ ಒಂದು ಅಕ್ಷರವೂ ಬೇಡ.

ಒಂದು ಎಚ್ಚರಿಕೆ: ಅಂಕಿ ಒಂದು ದಿನಕ್ಕೆ ಏನನ್ನೂ ಹೇಳುವುದಿಲ್ಲ. 1.7 ಇದ್ದದ್ದು ಮರುದಿನ 1.3 ಆಗುತ್ತದೆ, ಗಾಳಿ ಇರಬಹುದು, ಸರ್ವ್ ಮಾಡುವವರು ಬದಲಾಗಿರಬಹುದು. ವಾರದ ಸರಾಸರಿ ನೋಡಿ.

ಹೆಜ್ಜೆ 3: ಪ್ರಾಕ್ಟೀಸಿನ ಒಳಗೆ

ಹತ್ತು ನಿಮಿಷ ಮುಂಚೆ ಹೋಗಿ. ಎಲ್ಲರೂ ಬಂದ ಮೇಲೆ ಹೋದರೆ ಬೆಂಚಿನ ಮೇಲಿನ ಮಾತಿಗೆ ಕೂರುತ್ತೀರಿ, ಒಮ್ಮೆ ಕೂತರೆ ಆ ದಿನದ ಲಯ ಅದೇ. ಮುಂಚೆ ಹೋದರೆ ಗೋಡೆಗೆ ಐವತ್ತು ಪಾಸ್, ಹತ್ತು ಸರ್ವ್ ಮುಗಿದಿರುತ್ತದೆ, ಮೈ ಬಿಸಿಯಾಗಿರುತ್ತದೆ. ಆಮೇಲೆ ತಂಡದ ವಾರ್ಮಪ್ ಎಷ್ಟೇ ಸಪ್ಪೆಯಾಗಿದ್ದರೂ ನಿಮಗೆ ನಷ್ಟವಿಲ್ಲ.

ಮನಸ್ಸು ಜಾರುವ ಕ್ಷಣಗಳು ಬಹುತೇಕ ಮೊದಲೇ ಗೊತ್ತಿರುತ್ತವೆ. ಅವಕ್ಕೆ ‘ಹೀಗಾದರೆ ಹೀಗೆ’ ಎಂಬ ವಾಕ್ಯ ಮುಂಚೆಯೇ ಬರೆದಿಟ್ಟುಕೊಳ್ಳಿ. ಪೀಟರ್ ಗಾಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞ 1990ರ ದಶಕದಿಂದ ಇದರ ಮೇಲೆ ಕೆಲಸ ಮಾಡಿದ್ದಾರೆ. ಬರೀ ಸಂಕಲ್ಪಕ್ಕಿಂತ ಸಂದರ್ಭಕ್ಕೆ ಕಟ್ಟಿದ ಸಂಕಲ್ಪ ಹೆಚ್ಚು ನಡೆಯುತ್ತದೆ. ‘ಪಕ್ಕದವನು ನಡೆದುಕೊಂಡು ಹೋದರೆ ನಾನು ಗೆರೆ ಮುಟ್ಟಿಯೇ ತಿರುಗುತ್ತೇನೆ.’ ‘ಯಾರಾದರೂ ಬೇಕೆಂದೇ ಚೆಂಡು ಬಿಟ್ಟರೆ ನಾನು ಅದನ್ನು ಎತ್ತಿ ಕೊಟ್ಟು ನನ್ನ ಜಾಗಕ್ಕೆ ಹೋಗುತ್ತೇನೆ.’ ಮೂರು ವಾಕ್ಯ ಸಾಕು. ಹತ್ತು ಬರೆದರೆ ಒಂದೂ ನೆನಪಿಗೆ ಬರುವುದಿಲ್ಲ.

ಜೋಡಿ ಡ್ರಿಲ್‌ನಲ್ಲಿ ಮನಸ್ಸಿಲ್ಲದವನೇ ಜೊತೆಗೆ ಬಂದರೆ ಅದು ಎಲ್ಲಕ್ಕಿಂತ ಕಿರಿಕಿರಿ. ಅವನು ಎಸೆದ ಚೆಂಡು ಒಮ್ಮೆ ಕಾಲ ಬಳಿ, ಒಮ್ಮೆ ತಲೆಯ ಮೇಲೆ. ಇಲ್ಲಿ ಡ್ರಿಲ್‌ನ ಗುರಿಯನ್ನೇ ನಿಮ್ಮೊಳಗೆ ಬದಲಿಸಿಕೊಳ್ಳಿ. ಸರಿಯಾದ ಚೆಂಡನ್ನು ಸರಿಯಾಗಿ ಕೊಡುವ ಅಭ್ಯಾಸ ಇವತ್ತಿಲ್ಲ, ಕೆಟ್ಟ ಚೆಂಡನ್ನು ಸರಿಮಾಡುವ ಅಭ್ಯಾಸ. ಪ್ರತಿ ಕೆಟ್ಟ ಚೆಂಡನ್ನೂ ಅವನ ಎದೆಯ ಎತ್ತರಕ್ಕೇ ವಾಪಸ್ ಕೊಡಬೇಕು, ಇಪ್ಪತ್ತರಲ್ಲಿ ಎಷ್ಟು? ಪಂದ್ಯದಲ್ಲಿ ಬರುವುದೂ ಇಂಥ ಚೆಂಡುಗಳೇ. ಹತ್ತು ನಿಮಿಷದ ನಂತರ ಅವನು ಸುಮ್ಮನೆ ನೆಟ್ಟಗೆ ಎಸೆಯಲು ಶುರುಮಾಡುವುದೂ ಉಂಟು, ಆದರೆ ಅದನ್ನು ನಂಬಿಕೊಂಡು ಕೂರಬೇಡಿ.

ಮಾಡಬಾರದ ತಪ್ಪೊಂದಿದೆ. ಚೆನ್ನಾಗಿ ಆಡುವವರೇ ಇದನ್ನು ಮಾಡುವುದು: ಪಕ್ಕದವನ ಜಾಗದ ಚೆಂಡನ್ನೂ ಹೋಗಿ ಎತ್ತುವುದು. ನಿಮ್ಮ ಜಾಗ ಖಾಲಿಯಾಗುತ್ತದೆ, ಇಬ್ಬರೂ ಒಂದೇ ಚೆಂಡಿಗೆ ಬಂದರೆ ತಲೆಗೆ ತಲೆ ಬಡಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಅವನಿಗೆ ‘ನಾನಿಲ್ಲದಿದ್ದರೂ ನಡೆಯುತ್ತದೆ’ ಎಂಬುದು ಖಾತ್ರಿಯಾಗುತ್ತದೆ. ಹೊರೆ ಇಳಿಸಿಕೊಂಡವನು ಮತ್ತೆ ಹೊರುವುದಿಲ್ಲ. ನಿಮ್ಮ ಜಾಗ, ನಿಮ್ಮ ಚೆಂಡು. ನಡುವಿನ ಚೆಂಡಿಗೆ ಜೋರಾಗಿ ‘ನಂದು’ ಎಂದು ಕೂಗಿ, ಕೂಗದಿದ್ದರೆ ಹೋಗಬೇಡಿ.

ಹೆಜ್ಜೆ 4: ಹೊರೆ ಎಷ್ಟು ಏರಿತು ನೋಡಿ

ತಂಡ ಆಡುತ್ತಿಲ್ಲವೆಂದು ಒಬ್ಬರೇ ಹೆಚ್ಚುವರಿ ಅಭ್ಯಾಸಕ್ಕೆ ಇಳಿಯುವವರು ಲೆಕ್ಕ ತಪ್ಪುತ್ತಾರೆ. ಸುಲಭದ ಅಳತೆ ಇದೆ. ಪ್ರಾಕ್ಟೀಸ್ ಮುಗಿದ ಅರ್ಧ ಗಂಟೆಗೆ, ಎಷ್ಟು ಕಷ್ಟವಾಯಿತು ಎಂದು 10ಕ್ಕೆ ಅಂಕ ಕೊಡಿ, ನಿಮಿಷಗಳಿಂದ ಗುಣಿಸಿ. 90 ನಿಮಿಷ, 7 ಅಂಕ, ಅಂದರೆ 630. ವಾರಕ್ಕೆ ನಾಲ್ಕು ದಿನವಾದರೆ 2520. ಅದರ ಮೇಲೆ ಆ ನಾಲ್ಕೂ ದಿನ 30 ನಿಮಿಷ, 6 ಅಂಕದ ಸ್ವಂತ ಅಭ್ಯಾಸ ಸೇರಿಸಿದರೆ 720 ಜಾಸ್ತಿ. ಒಂದೇ ವಾರದಲ್ಲಿ ಹೊರೆ ಕಾಲು ಭಾಗಕ್ಕಿಂತ ಹೆಚ್ಚು ಏರಿತು. ಬೆಳೆಯುವ ವಯಸ್ಸಿನಲ್ಲಿ, ಅದರಲ್ಲೂ ಜಿಗಿಯುವ ಆಟಗಳಲ್ಲಿ, ಮೊಣಕಾಲ ಚಿಪ್ಪಿನ ಕೆಳಗೆ ನೋವು ಹೀಗೇ ಶುರುವಾಗುವುದು. ಆದ್ದರಿಂದ ಮೊದಲ ವಾರ ಎರಡು ದಿನ ಹದಿನೈದು ನಿಮಿಷ, ಅದೂ ಜಿಗಿತವಿಲ್ಲದ ಅಭ್ಯಾಸ: ಗೋಡೆ ಪಾಸ್, ನಿಂತು ಸರ್ವ್. ವಾರಕ್ಕೆ ಒಂದು ದಿನವಾದರೂ ಪೂರ್ತಿ ರಜೆ ಇರಲಿ.

13ರಿಂದ 18 ವಯಸ್ಸಿನವರಿಗೆ ರಾತ್ರಿ 8ರಿಂದ 10 ಗಂಟೆ ನಿದ್ದೆ ಬೇಕೆಂದು ನಿದ್ರಾ ತಜ್ಞರು ಹೇಳುತ್ತಾರೆ. ಆರು ಗಂಟೆ ಮಲಗಿ ಎದ್ದವರಿಗೆ ತಂಡದವರ ಸಣ್ಣ ತಪ್ಪೂ ದೊಡ್ಡ ದ್ರೋಹದಂತೆ ಕಾಣುತ್ತದೆ. ಹುಮ್ಮಸ್ಸು ಹೋಯಿತು ಅನ್ನಿಸಿದ ದಿನ ಮೊದಲು ನೋಟ್‌ಬುಕ್‌ನಲ್ಲಿ ನಿದ್ದೆಯ ಅಂಕಿ ನೋಡಿ.

ಹೆಜ್ಜೆ 5: ಒಬ್ಬರನ್ನು ಹಿಡಿಯಿರಿ

ಇಡೀ ತಂಡಕ್ಕೆ ಭಾಷಣ ಮಾಡುವ ಆಸೆ ಬಂದರೆ ತಡೆದುಕೊಳ್ಳಿ. ಗುಂಪಿಗೆ ಹೇಳಿದ ಮಾತು ಯಾರಿಗೂ ಹೇಳಿದಂತಾಗುವುದಿಲ್ಲ. ವಾಟ್ಸ್ಯಾಪ್ ಗುಂಪಿನಲ್ಲಿ ಹಾಕಿದ ಉದ್ದನೆಯ ಸಂದೇಶವಂತೂ ಇನ್ನೂ ಕೆಟ್ಟದ್ದು, ಹತ್ತು ನಿಮಿಷದಲ್ಲಿ ಅದರ ಸ್ಕ್ರೀನ್‌ಶಾಟ್ ಇನ್ನೊಂದು ಗುಂಪಿನಲ್ಲಿ ನಗೆಪಾಟಲಾಗಿರುತ್ತದೆ.

ಒಬ್ಬರು ಸಾಕು. ಅತಿ ಸೋಮಾರಿಯನ್ನು ಆರಿಸಬೇಡಿ, ಅವನನ್ನು ಬದಲಿಸುವ ಹಟದಲ್ಲಿ ನೀವು ಸುಸ್ತಾಗುತ್ತೀರಿ. ಇನ್ನೂ ಪೂರ್ತಿ ಕೈಬಿಡದ, ಹೊಯ್ದಾಡುತ್ತಿರುವವರನ್ನು ನೋಡಿ. ಆಟದಲ್ಲಿ ನಿಮಗಿಂತ ತುಸು ಮೇಲಿದ್ದರೆ ಇನ್ನೂ ಒಳ್ಳೆಯದು. ಜರ್ಮನಿಯ ಒಟ್ಟೊ ಕೋಲರ್ 1926ರಲ್ಲೇ ತೋರಿಸಿದಂತೆ, ಜೋಡಿಯ ಫಲಿತಾಂಶ ದುರ್ಬಲನ ಮೇಲೆ ನಿಂತಿದ್ದಾಗ ಆ ದುರ್ಬಲನು ಒಂಟಿಯಾಗಿದ್ದಾಗಿನದಕ್ಕಿಂತ ಹೆಚ್ಚು ಹೊತ್ತು ಹಿಡಿದು ನಿಲ್ಲುತ್ತಾನೆ. ಅಂತರ ತೀರಾ ದೊಡ್ಡದಿದ್ದರೆ ಮಾತ್ರ ಇದು ನಡೆಯುವುದಿಲ್ಲ.

ಕೇಳುವಾಗ ತಂಡದ ಉದ್ಧಾರದ ಮಾತು ಎತ್ತಬೇಡಿ, ನಿಮಗೆ ಬೇಕಾದದ್ದನ್ನು ಕೇಳಿ. ‘ನಾಳೆ ಹತ್ತು ನಿಮಿಷ ಮುಂಚೆ ಬರ್ತೀಯೇನೋ? ನಂಗೆ ಇಪ್ಪತ್ತು ಸರ್ವ್ ಹಾಕಿಕೊಡು, ಆಮೇಲೆ ನಿಂಗೆ ನಾನು ಹಾಕ್ತೀನಿ.’ ಸಹಾಯ ಕೇಳಿದರೆ ಬರುವವರು, ಉಪದೇಶ ಕೇಳಲು ಬರುವುದಿಲ್ಲ. ಮೂರು ಸಲ ಬಂದರೆ ಅದು ರೂಢಿಯಾಗುತ್ತದೆ. ಇಬ್ಬರ ಅಂಕಿ ಒಂದೇ ಪುಟದಲ್ಲಿ ಬರೆಯಿರಿ, ಆದರೆ ಅವರವರ ಹಿಂದಿನ ವಾರಕ್ಕೆ ಹೋಲಿಸಿ.

ಸುಮ್ಮನಾದ ಗೆಳೆಯನ ಹತ್ತಿರ ಮಾತಾಡಲೇಬೇಕೆಂದರೆ ಇಬ್ಬರೇ ಇರುವಾಗ, ಪ್ರಾಕ್ಟೀಸಿನ ದಾರಿಯಲ್ಲೋ ನೀರು ಕುಡಿಯುವಾಗಲೋ ಮಾತಾಡಿ. ಸೋತ ಪಂದ್ಯದ ದಿನ ಬೇಡವೇ ಬೇಡ. ಆರೋಪ ಬಿಟ್ಟು ಕಣ್ಣಿಗೆ ಕಂಡದ್ದನ್ನು ಹೇಳಿ. ‘ನೀನ್ಯಾಕೆ ಆಡ್ತಿಲ್ಲ?’ ಎಂದರೆ ‘ನಿಂಗೇನು ಕಷ್ಟ?’ ಎಂಬ ಉತ್ತರ ಸಿದ್ಧವಿರುತ್ತದೆ. ‘ಎರಡು ವಾರದಿಂದ ಸರ್ವ್ ಮಾಡಿದ ಮೇಲೆ ಭುಜ ಹಿಡ್ಕೋತಿದೀಯ, ನೋವಿದ್ಯಾ?’ ಎಂದರೆ ಬಾಯಿ ಬಿಡುತ್ತಾನೆ. ಕೇಳಿದ ಮೇಲೆ ಸುಮ್ಮನಿರಿ. ಹತ್ತು ಸೆಕೆಂಡಿನ ಮೌನ ಸಹಿಸಿಕೊಂಡರೆ ಬಹಳ ಸಲ ನಿಜವಾದ ಕಾರಣ ಹೊರಬರುತ್ತದೆ: ಮನೆಯಲ್ಲಿ ಜಗಳ, ಪರೀಕ್ಷೆ, ಕೋಚ್ ಎಲ್ಲರೆದುರು ಆಡಿದ ಒಂದು ಮಾತು.

ಹೆಜ್ಜೆ 6: ಕೋಚ್ ಬಳಿ ದೂರು ಬೇಡ, ಸಲಹೆ ಇರಲಿ

ಹೆಸರು ಹೇಳಿ ದೂರು ಕೊಟ್ಟರೆ ಮರುದಿನ ಯಾರಿಗೋ ಎರಡು ಸುತ್ತು ಜಾಸ್ತಿ ಓಟ ಬೀಳುತ್ತದೆ, ಹೇಳಿದ್ದು ಯಾರೆಂದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಐದು ನಿಮಿಷ ಸಮಯ ಕೇಳಿ, ಪ್ರಾಕ್ಟೀಸಿಗೆ ಮುಂಚೆ ಹೋಗಿ, ನಿಮ್ಮ ನೋಟ್‌ಬುಕ್ ತೆಗೆದುಕೊಂಡು ಹೋಗಿ. ‘ಸರ್, ರಿಸೀವ್‌ಗೆ ನಾನು ಅಂಕ ಬರ್ಕೊತಿದೀನಿ. ಡ್ರಿಲ್‌ನಲ್ಲಿ ಎಲ್ಲರಿಗೂ ಹಾಕೋಣವಾ? ಬರೆಯೋ ಕೆಲಸ ನಂದು.’ ಈಜುಗಾರರ ವಿಷಯದಲ್ಲಿ ನೋಡಿದ್ದೇ ಇಲ್ಲಿ ಕೆಲಸ ಮಾಡುವುದು: ಒಬ್ಬೊಬ್ಬರ ಪಾಲು ಕಾಣುವಂತಾದರೆ ಅಡಗಿಕೊಳ್ಳಲು ಜಾಗ ಇರುವುದಿಲ್ಲ.

ಕೋಚ್ ಒಪ್ಪಿದರೆ ಸಣ್ಣದಾಗಿ ಶುರುಮಾಡಿ. ಹದಿನೈದು ನಿಮಿಷ, ಮೂರು ಮೂರು ಜನರ ಗುಂಪು, ಒಬ್ಬೊಬ್ಬರಿಗೆ ಹತ್ತು ಸರ್ವ್, ಬೆಂಚಿನಲ್ಲಿರುವವರು ಅಂಕ ಬರೆಯುತ್ತಾರೆ. ಬೆಂಚಿನವರಿಗೂ ಒಂದು ಕೆಲಸ ಸಿಗುತ್ತದೆ ಅನ್ನುವುದು ಮುಖ್ಯ ಲಾಭ. ಎಲ್ಲರನ್ನೂ ಒಂದರಿಂದ ಹನ್ನೆರಡರವರೆಗೆ ಸಾಲಾಗಿ ಬರೆದು ಗೋಡೆಗೆ ಅಂಟಿಸುವುದು ಮಾತ್ರ ಬೇಡ. ಕೊನೆಯ ಮೂವರು ಮರುವಾರದಿಂದ ‘ಹೊಟ್ಟೆನೋವು’ ಹೇಳಲು ಶುರುಮಾಡುತ್ತಾರೆ.

ನಿಮಗಾಗಿ ಕೋಚ್ ಬಳಿ ಒಂದು ಪ್ರಶ್ನೆಯನ್ನೂ ಕೇಳಿಕೊಂಡು ಬನ್ನಿ: ‘ಮುಂದಿನ ನಾಲ್ಕು ವಾರದಲ್ಲಿ ನಾನು ಸುಧಾರಿಸಬೇಕಾದ ಒಂದು ವಿಷಯ ಯಾವುದು?’ ಉತ್ತರ ಸಿಕ್ಕರೆ ನಿಮ್ಮ ಅಂಕಿಗಳಲ್ಲಿ ಒಂದನ್ನು ಅದಕ್ಕೇ ಬದಲಿಸಿ.

ನೀವೇ ಕ್ಯಾಪ್ಟನ್ ಆಗಿದ್ದರೆ ಇಷ್ಟು ಸಾಕು: ಶಿಕ್ಷೆಗೆ ಓಡಿಸಬೇಡಿ, ಓಟವನ್ನೇ ದ್ವೇಷಿಸಲು ಕಲಿಸಿದಂತಾಗುತ್ತದೆ. ನೆಟ್ ಕಟ್ಟುವುದು, ಚೆಂಡು ಎಣಿಸುವುದು, ವಾರ್ಮಪ್ ಮಾಡಿಸುವುದನ್ನು ಸುಮ್ಮನಾದವರಿಗೇ ಹಂಚಿ, ಹೇಗೆ ಮಾಡಬೇಕೆಂಬುದನ್ನು ಅವರಿಗೇ ಬಿಡಿ.

ಹೆಜ್ಜೆ 7: ಪಂದ್ಯದ ದಿನ

ಸ್ಕೋರ್ 9–19. ಪಕ್ಕದವರ ಹೆಗಲು ಜೋತುಬಿದ್ದಿದೆ. 25ರ ಸೆಟ್‌ನಲ್ಲಿ ಹತ್ತು ಪಾಯಿಂಟ್ ಹಿಂದಿದ್ದು ಗೆಲ್ಲುವುದು ಅಪರೂಪ, ‘ಇನ್ನೂ ಗೆಲ್ಲಬಹುದು’ ಎಂದು ಸುಳ್ಳು ಹೇಳಿಕೊಳ್ಳಬೇಡಿ. ಉಳಿದದ್ದನ್ನು ತುಂಡು ಮಾಡಿ. ಇಲ್ಲಿಂದ ಮುಂದಿನ ಐದು ಪಾಯಿಂಟ್‌ಗಳಲ್ಲಿ ಮೂರು ನಮ್ಮದಾಗಬೇಕು, ಅಷ್ಟೇ. ಅದು ಮುಗಿದ ಮೇಲೆ ಇನ್ನೊಂದು ಐದು.

ರ‍್ಯಾಲಿಗಳ ನಡುವಿನ ಸಮಯವೇ ನಿಮ್ಮ ಕೈಯಲ್ಲಿರುವುದು. ಚೆಂಡು ಸತ್ತ ಕೂಡಲೇ ಒಂದು ಉದ್ದನೆಯ ಉಸಿರು ಬಿಡಿ, ನೆಲದ ಮೇಲಿನ ಒಂದು ಗೆರೆ ನೋಡಿ, ಮುಂದಿನ ಕೆಲಸವನ್ನು ಎರಡೇ ಪದಗಳಲ್ಲಿ ಹೇಳಿಕೊಳ್ಳಿ: ‘ಮೊದಲು ಕಾಲು.’ ಸರ್ವ್ ನಿಮ್ಮದಾಗಿದ್ದರೆ ರೆಫರಿ ಶಿಳ್ಳೆಯ ನಂತರ 8 ಸೆಕೆಂಡ್ ಇದೆ. ಸೋಲುತ್ತಿರುವವರು ಅದರಲ್ಲಿ ಎರಡನ್ನು ಬಳಸಿ ಹೊಡೆದುಬಿಡುತ್ತಾರೆ, ಬೇಗ ಮುಗಿದರೆ ಸಾಕು ಎಂಬಂತೆ. ಚೆಂಡು ಎರಡು ಸಲ ಪುಟಿಸಿ, ಉಸಿರು ಬಿಡಿ, ಎಲ್ಲಿಗೆ ಎಂದು ನಿರ್ಧರಿಸಿ, ಆಮೇಲೆ ಹೊಡೆಯಿರಿ.

30 ಸೆಕೆಂಡಿನ ಟೈಮ್‌ಔಟ್‌ನಲ್ಲಿ ಕೋಚ್ ಮಾತು ಮುಗಿದ ಮೇಲೆ ಮಾತಾಡುವುದಾದರೆ ಒಂದೇ ವಿಷಯ, ಅದೂ ಮಾಡಲು ಬರುವಂಥದ್ದು: ‘ಅವರ ಐದನೇ ನಂಬರ್ ರಿಸೀವ್ ತಡಕಾಡ್ತಿದಾನೆ, ಅವನಿಗೇ ಹಾಕೋಣ.’ ‘ಎಲ್ಲರೂ ಜೋಶ್ ತಗೊಳ್ರೋ’ ಎಂದರೆ ಯಾರ ಕಾಲೂ ಬೇಗ ಚಲಿಸುವುದಿಲ್ಲ. ಕೈಚೆಲ್ಲಿದವನು ಒಂದು ಚೆಂಡಿಗೆ ಓಡಿದರೆ, ಅದು ಸಿಗದಿದ್ದರೂ, ಆ ಕ್ಷಣದಲ್ಲೇ ಹೆಸರು ಹಿಡಿದು ‘ಒಳ್ಳೆ ಓಟ’ ಎನ್ನಿ. ಮುಗಿದ ಮೇಲೆ ಹೇಳಿದರೆ ಸಮಾಧಾನದ ಮಾತಿನಂತೆ ಕೇಳುತ್ತದೆ.

ಹೆಜ್ಜೆ 8: ಗಡುವು ಹಾಕಿಕೊಳ್ಳಿ

ಇಷ್ಟೆಲ್ಲ ಮಾಡಿಯೂ ಸರಿಹೋಗದ ತಂಡಗಳಿವೆ. ಆದ್ದರಿಂದ ಇವತ್ತೇ ಕ್ಯಾಲೆಂಡರಿನಲ್ಲಿ ನಾಲ್ಕು ವಾರ ಮುಂದಿನ ಒಂದು ದಿನ ಗುರುತು ಮಾಡಿ. ಅಲ್ಲಿಯವರೆಗೆ ‘ಬಿಡಲೋ ಬೇಡವೋ’ ಎಂಬ ಯೋಚನೆಗೆ ರಜೆ. ದಿನಾ ಅದನ್ನೇ ತೂಗುತ್ತಿದ್ದರೆ ಅದರಲ್ಲೇ ಅರ್ಧ ಶಕ್ತಿ ಹೋಗುತ್ತದೆ. ಆ ದಿನ ನೋಟ್‌ಬುಕ್ ತೆರೆದು ನೋಡಿ. ಅಂಕಿಗಳು ಏರಿವೆಯೇ? ಜೊತೆಗೆ ಒಬ್ಬರಾದರೂ ಬರುತ್ತಿದ್ದಾರೆಯೇ? ಪ್ರಾಕ್ಟೀಸಿನ ಯಾವುದಾದರೂ ಹತ್ತು ನಿಮಿಷ ಖುಷಿ ಕೊಡುತ್ತಿದೆಯೇ? ಮೂರರಲ್ಲಿ ಎರಡಕ್ಕೆ ಹೌದು ಎಂದಾದರೆ ಸೀಸನ್ ಮುಗಿಸಿ. ಒಂದಕ್ಕೂ ಇಲ್ಲವೆಂದಾದರೆ ಕ್ಲಬ್ ತಂಡ, ಓಟ ಅಥವಾ ಜಿಗಿತದಂಥ ಒಂಟಿ ಸ್ಪರ್ಧೆ, ಅಥವಾ ಬೇರೆ ಆಟ ನೋಡುವುದರಲ್ಲಿ ಅವಮಾನವೇನಿಲ್ಲ.

ಹೊಡೆತ, ಅವಾಚ್ಯ ಬೈಗುಳ, ರ‍್ಯಾಗಿಂಗ್, ನೋವಿದ್ದರೂ ಆಡಲು ಒತ್ತಾಯ ಇದ್ದರೆ ಮಾತ್ರ ನಾಲ್ಕು ವಾರ ಕಾಯಬೇಡಿ. ಅದು ಹುಮ್ಮಸ್ಸಿನ ಪ್ರಶ್ನೆಯೇ ಅಲ್ಲ. ಅದೇ ದಿನ ಮನೆಯವರಿಗೆ ಅಥವಾ ನಂಬಿಕೆಯ ಶಿಕ್ಷಕರಿಗೆ ಹೇಳಿ. ಆಟ ಮಾತ್ರವಲ್ಲದೆ ಊಟ, ಓದು, ಗೆಳೆಯರು ಯಾವುದರಲ್ಲೂ ಎರಡು ವಾರ ಮನಸ್ಸೇ ಇಲ್ಲವೆಂದರೂ ಹಾಗೆಯೇ.

ಬಿಡುವುದೇ ಆದರೆ ಪಂದ್ಯದ ಹಿಂದಿನ ದಿನ ಬಿಡಬೇಡಿ, ಗುಂಪಿನಲ್ಲಿ ಸಂದೇಶ ಹಾಕಿ ಮಾಯವಾಗಬೇಡಿ. ಕೋಚ್‌ಗೆ ಎದುರಿಗೆ ನಿಂತು ಹೇಳಿ: ‘ಸರ್, ಈ ತಿಂಗಳ ಪಂದ್ಯ ಮುಗಿಸಿ ನಿಲ್ಲಿಸ್ತೀನಿ.’ ಕಾರಣ ಕೇಳಿದರೆ ನಿಮ್ಮದನ್ನು ಹೇಳಿ, ಬೇರೆಯವರ ಹೆಸರು ತರಬೇಡಿ. ಜೆರ್ಸಿ ಒಗೆದು, ಮಡಿಸಿ ವಾಪಸ್ ಕೊಡಿ. ಹತ್ತು ನಿಮಿಷ ಮುಂಚೆ ಬರುತ್ತಿದ್ದ ಜೊತೆಗಾರನಿಗೆ ಮಾತ್ರ ಕೋಚ್‌ಗಿಂತ ಮೊದಲೇ ತಿಳಿಸಿ. ಬೇಕೆಂದರೆ ಆ ಇಪ್ಪತ್ತು ಸರ್ವ್ ಅವನ ಜೊತೆ ಮುಂದುವರಿಸಲು ತಂಡದಲ್ಲಿ ಇರಲೇಬೇಕೆಂದಿಲ್ಲ.